ಕೊಳವೆಯ ತುದಿಯಲ್ಲಿ ಕೂತ ನೀಲಗಂಗಮ್ಮನವರು

ನವಿಲುಪುರದ ವ್ಯಾಪಾರಿಗಳು ಬಾಯಾರಿದ ಮನುಷ್ಯರಿಗೆ ಉದ್ದನೆಯ ಬಿದಿರು ಕೊಳವೆಯಲ್ಲಿ ನೀರು ಸುರಿಯುತ್ತಿದ್ದರು. ಚರ್ಮ ಹದ ಮಾಡುವವರು, ಬೀದಿ ಗುಡಿಸುವವರು ದೂರ ನಿಂತು ಬೊಗಸೆಯೊಡ್ಡಬೇಕು. ಅರ್ಧ ನೀರು ಮಣ್ಣುಪಾಲು. ಇದಕ್ಕೆ ಅವರು ಇಟ್ಟಿದ್ದ ಹೆಸರು ಧರ್ಮ!

ಆ ಪ್ರಾಚೀನ ನಗರದ ಹತ್ತಿಪೇಟೆ ಚೌಕದಲ್ಲಿ ಪೂಜ್ಯ ನೀಲಗಂಗಮ್ಮನವರು ಒಂದು ಬೇಸಿಗೆ ತಂಗಿದ್ದರು. ಮಠ ಬೇಡವೆಂದರು, ಪಲ್ಲಕ್ಕಿಯೂ ಬೇಡವೆಂದರು. ಅಂಗಡಿಯೊಂದರ ಸೂರಿನಡಿ ಕೂತು, ಮುಂದಿನ ಚಳಿಗೆ ಯಾರಿಗಾದರೂ ಆದೀತೆಂದು ಹರಕು ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದರು.

ಅದೇ ಚೌಕದಲ್ಲಿ ಬೊಮ್ಮಿಸೆಟ್ಟಿ ತನ್ನ ತಾಯಿಯ ಹೆಸರಿನಲ್ಲಿ, ಅಂಥದೇ ಕೊಳವೆಯಿಟ್ಟು, ಅರವಟ್ಟಿಗೆ ಹಾಕಿಸಿದ. ಆ ಮುದುಕಿ ಯಾತ್ರೆಯ ದಾರಿಯಲ್ಲಿ ಮಗನ ತೊಡೆಯ ಮೇಲೆ "ನೀರು, ನೀರು" ಎನ್ನುತ್ತಲೇ ಪ್ರಾಣ ಬಿಟ್ಟಿದ್ದಳು. ಎಲ್ಲೂ ಹನಿ ನೀರು ಸಿಗಲಿಲ್ಲವೆಂದು ಸೆಟ್ಟಿ ಊರಿಗೆಲ್ಲ ಹೇಳಿದ್ದ. ಪುಣ್ಯವಂತರೊಬ್ಬರು ಇಲ್ಲಿ ಮೊದಲ ನೀರು ಕುಡಿದರೆ ಅವ್ವನ ದಾಹ ತೀರುತ್ತದೆಂದು ನಂಬಿ, ಬೆಳ್ಳಿ ಬಟ್ಟಲು ಹಿಡಿದು ನಿಂತಿದ್ದ.

"ತಾಯಿ, ಮೊದಲನೇ ನೀರು ತಾವೇ ಕುಡೀಬೇಕ್ರಿ."

ನೀಲಗಂಗಮ್ಮನವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು. ಬಟ್ಟಲಿನ ಕಡೆ ಬರಲಿಲ್ಲ. ನೆಟ್ಟಗೆ ಕೊಳವೆಯ ತುದಿಗೆ ಹೋಗಿ, ಚರ್ಮ ಹದ ಮಾಡುವ ದ್ಯಾಮವ್ವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೊಗಸೆಯೊಡ್ಡಿದರು.

ಪೇಟೆಗೆ ಪೇಟೆಯೇ ದಂಗಾಯಿತು. ಚೌಕಾಸಿಯ ಗದ್ದಲ ಗಪ್ಪನೆ ನಿಂತಿತು.

"ಅಯ್ಯಯ್ಯೋ, ಅದು ಅವರ ಜಾಗ ರೀ ತಾಯಿ!" ಎಂದು ಹತ್ತಿ ವ್ಯಾಪಾರಿ ಕೊಟ್ರಪ್ಪ ಕಿರುಚಿದ. "ಬಿಸಿಲಿಗೆ ಕಣ್ಣು ಕತ್ತಲಿಟ್ಟಾವೇನೋ, ಯಾರಾದ್ರೂ ಎಬ್ಬಸ್ರಿ!"

"ಸುರಿಯಪ್ಪಾ ಸೆಟ್ಟಿ," ಎಂದರು ನೀಲಗಂಗಮ್ಮ ತಾಯಿಯವರು.

ಸೆಟ್ಟಿ ಬಟ್ಟಲನ್ನು ಕೊಳವೆಯತ್ತ ಒಯ್ದು ಹಿಂದಕ್ಕೆಳೆದುಕೊಂಡ. ಸುರಿದರೆ, ದೇವರಂಥವರನ್ನು ಊರೆದುರು ಮುಟ್ಟಬಾರದವರೆಂದು ಸಾರಿದ ಹಾಗೆ. ಸುರಿಯದಿದ್ದರೆ, ಅವ್ವ ಇವತ್ತೂ ಬಾಯಾರಿಯೇ ಉಳಿದ ಹಾಗೆ.

"ಆಗೂದಿಲ್ರಿ. ತಮಗ ಕೊಳವ್ಯಾಗ ಹೆಂಗ ಹಾಕಲಿ?"

ತಾಯಿಯವರು ಬೊಗಸೆ ಇಳಿಸಲಿಲ್ಲ. "ನಿಮ್ಮವ್ವ ನೀರು ನೀರು ಅಂದಾಗ ಈ ದ್ಯಾಮವ್ವನಂಥಾಕಿ ಒಬ್ಬಾಕಿ ಕೊಡ ಹೊತ್ತು ಬಂದಿದ್ರ, ಏನ್ ಮಾಡ್ತಿದ್ದಿ?"

ಬಟ್ಟಲು ಕೈಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಸೆಟ್ಟಿಯ ಬಾಯಿಂದ ಬಂದದ್ದು ಪಿಸುಮಾತು. ಆದರೂ ಇಡೀ ಚೌಕ ಕೇಳಿಸಿಕೊಂಡಿತು.

"ಬಂದಿದ್ಲು ತಾಯಿ. ತುಂಬಿದ ಕೊಡ ಹೊತ್ತು ಓಡಿ ಬಂದಿದ್ಲು. ನಾನ... ಕಲ್ಲು ತಗೊಂಡು ಓಡಿಸಿದೆ."

ಹೆತ್ತ ತಾಯಿಯನ್ನು ಕೊಂದದ್ದು ಬಿಸಿಲಲ್ಲ, ಮಗನ ಮಡಿ!

ಸೆಟ್ಟಿ ಕೊಡ, ತಂಬಿಗೆ ಎತ್ತಿಕೊಂಡು ಅರವಟ್ಟಿಗೆಯ ಕಟ್ಟೆಯಿಳಿದು ಬಂದ. ನೀಲಗಂಗಮ್ಮನವರು ಪಕ್ಕಕ್ಕೆ ಸರಿದು ದ್ಯಾಮವ್ವನನ್ನು ತೋರಿಸಿದರು. ಅವಳು ಹಿಂದೆ ಸರಿದಳು.

"ಬ್ಯಾಡ್ರಿ ಧಣಿ. ನಾಳೆ ನಮ್ಮನ್ನ ಬಡೀತಾರ."

"ನನ್ನ ದಾಟಿ ಬಡೀಬೇಕು. ಕುಡಿಯವ್ವಾ," ಎಂದು ಸೆಟ್ಟಿ ತಂಬಿಗೆ ಚಾಚಿ ಮಂಡಿಯೂರಿದ.

ಅವಳು ಕುಡಿದಳು. ಅವಳು ಕುಡಿದ ತಂಬಿಗೆಯಿಂದಲೇ ತಾಯಿಯವರು ಕುಡಿದರು. ಬೊಮ್ಮಿಸೆಟ್ಟಿ ಅಂದಿನಿಂದ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಸಾಯುವವರೆಗೂ ಆ ಚೌಕದಲ್ಲಿ ಕೈಯಾರೆ ನೀರು ಕೊಟ್ಟ.

ಓದಿದವರೇ, ಕೈ ಮುಗಿದು ಪುಸ್ತಕ ಮುಚ್ಚಬೇಡಿ. ನಿಮ್ಮೂರ ಚಹಾದಂಗಡಿಯಲ್ಲಿ ದಲಿತರಿಗೆಂದು ಬೇರೆ ಲೋಟ ಇಟ್ಟಿದ್ದಾರೆಯೇ? ಇವತ್ತೇ ಹೋಗಿ. ಎಲ್ಲರೆದುರು ನಿಂತು, ಆ ಲೋಟದಲ್ಲೇ ನನಗೂ ಚಹಾ ಕೊಡಿ ಎಂದು ಕೇಳಿ.