ಚೆಲುವ ಜೂಡೋ ಕಲಿತ ತಿಂಗಳು

ಹತ್ತಿರ ಬಂದು ಕೂತ್ಕೊಳ್ಳಿ, ಹೇಳ್ತೀನಿ. ಆದರೆ ಕತೆ ಮುಗಿಯೋವರೆಗೂ ಯಾರೂ ಯಾರ ಮುಂದೆಯೂ ತಲೆ ಬಗ್ಗಿಸಬೇಡಿ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

ಜಪಾನಿನಲ್ಲಿ ಕಡಲ ಪಕ್ಕ ಒಂದು ಚಿಕ್ಕ ಊರು. ಆ ಊರಿಗೆ ನಮ್ಮ ತಿಪಟೂರಿನ ಸುಕನ್ಯ ಬಂದಿಳಿದಳು. ಗಂಡನಿಗೆ ಹಡಗಿನಲ್ಲಿ ಕೆಲಸ. ಎರಡು ವಾರ ಮನೆ, ಎರಡು ತಿಂಗಳು ನೀರು. ಮನೇಲಿ ಉಳಿದವರು ಸುಕನ್ಯ, ಅವಳ ಮಗ ಚೆಲುವ. ಆರು ವರ್ಷದ ಹುಡುಗ. ನೋಡೋಕೆ ಹೆಸರಿಗೆ ತಕ್ಕ ಹಾಗಿದ್ದ. ಹೇಳಿದ ಮಾತು ಕೇಳ್ತಿದ್ದ. ಅದೇ ಅವನ ರೋಗ! ಹೇಳಿದ್ದನ್ನ ಹೇಳಿದ ಹಾಗೇ ಕೇಳ್ತಿದ್ದ. "ಹಾಲು ಉಕ್ಕಿದಾಗ ಬಂದು ಹೇಳು" ಅಂದರೆ, ಉಕ್ಕಿ, ಹರಿದು, ಒಲೆ ಆರಿದ ಮೇಲೆ ಬಂದು "ಉಕ್ಕಿತಮ್ಮ" ಅಂತಿದ್ದ.

ನಾಲ್ಕು ತಿಂಗಳಾಯಿತು. ಶಾಲೆಯಲ್ಲಿ ಒಂದೇ ಒಂದು ಮಗು ಇವನನ್ನ ಹೆಸರು ಹಿಡಿದು ಕರೆಯಲಿಲ್ಲ. ಸಂಜೆಯಾದರೆ ಕಿಟಕಿಗೆ ಮೂಗು ಒತ್ತಿಕೊಂಡು, ಬಿಳಿ ಬಟ್ಟೆ ಹಾಕ್ಕೊಂಡು ಬೀದೀಲಿ ಓಡೋ ಮಕ್ಕಳನ್ನ ನೋಡ್ತಿದ್ದ. ಅವರೆಲ್ಲ ಹೋಗ್ತಿದ್ದದ್ದು ಕಿನುಯೋ ಟೀಚರ ಜೂಡೋ ಶಾಲೆಗೆ. ಒಂದು ಸಂಜೆ ಸುಕನ್ಯ ಅರ್ಧಂಬರ್ಧ ಜಪಾನಿ ಮಾತಾಡ್ಕೊಂಡು ಮಗನನ್ನ ಕರ್ಕೊಂಡು ಹೋದಳು.

ಕಿನುಯೋ ಟೀಚರು ಗುಂಡುಕಲ್ಲಿನಂಥ ಹೆಂಗಸು. ಮಾತು ಕಮ್ಮಿ. "ಒಂದು ತಿಂಗಳು ನೋಡ್ತೀನಿ. ಹೊಂದಿಕೊಂಡರೆ ಇರಲಿ. ಇಲ್ಲದಿದ್ದರೆ ಮುಂದಿನ ವರ್ಷ."

ಮುಂದಿನ ವರ್ಷ! ಅಲ್ಲಿವರೆಗೂ ಮಗನಿಗೆ ಕಿಟಕಿಯೇ ಗತಿ! ಸುಕನ್ಯ ಬಾಗಿಲಲ್ಲೇ ಮಗನ ಕಿವಿ ಹತ್ತಿರ ಬಗ್ಗಿದಳು. "ನೋಡು ಕಂದ, ಇಲ್ಲಿ ಬಾಯಿಬಡುಕತನ ಬೇಡ. ಟೀಚರು ಏನು ಮಾಡ್ತಾರೋ ಅದನ್ನೇ ನೀನೂ ಮಾಡು."

"ಸರಿ ಅಮ್ಮ."

ಟೀಚರು ಮುಂದೆ ಬಂದು ಮಕ್ಕಳ ಕಡೆ ತಿರುಗಿ ಕೂತರು. ಚೆಲುವ ಹೋಗಿ ಅವರ ಪಕ್ಕದಲ್ಲಿ ಕೂತ, ಮಕ್ಕಳ ಕಡೆ ತಿರುಗಿ. ಟೀಚರು ಎದ್ದು ಕೈ ಹಿಂದೆ ಕಟ್ಟಿಕೊಂಡು ಸಾಲಿನ ಮಧ್ಯೆ ನಡೆದರು. ಚೆಲುವನೂ ಕೈ ಹಿಂದೆ ಕಟ್ಟಿಕೊಂಡು ನಡೆದ. ಟೀಚರು ಒಬ್ಬನ ಬೆಲ್ಟು ಬಿಚ್ಚಿ ಸರಿಯಾಗಿ ಕಟ್ಟಿದರು. ಚೆಲುವ ಇನ್ನೊಬ್ಬನ ಬೆಲ್ಟು ಬಿಚ್ಚಿದ. ಕಟ್ಟೋಕೆ ಬರಲಿಲ್ಲ. ಆ ಹುಡುಗನ ಪೈಜಾಮ ಜಾರಿತು!

"ಹೋಗು, ನಿನ್ನ ಜಾಗದಲ್ಲಿ ನಿಲ್ಲು!" ಅಂತ ಟೀಚರು ಬೆರಳು ತೋರಿಸಿದರು.

"ಹೋಗು, ನಿನ್ನ ಜಾಗದಲ್ಲಿ ನಿಲ್ಲು!" ಅಂತ ಚೆಲುವ ಟೀಚರಿಗೇ ಬೆರಳು ತೋರಿಸಿದ. ನಾಲ್ಕು ತಿಂಗಳಲ್ಲಿ ಅವನು ಆಡಿದ ಮೊದಲ ಜಪಾನಿ ಮಾತು ಅದು.

"ಅಯ್ಯೋ ನನ್ನ ಕರ್ಮವೇ! ಟೀಚರಿಗೆ ಹಾಗನ್ನೋದೇನೋ?" ದಾರಿಯುದ್ದಕ್ಕೂ ಬಯ್ದಳು ಸುಕನ್ಯ.

"ನೀನೇ ಹೇಳಿದ್ಯಲ್ಲಮ್ಮ!"

"ಮಾಡಿದ್ದನ್ನಲ್ಲ ಕಣೋ, ಕಲಿಸಿದ್ದನ್ನ ಮಾಡಬೇಕು! ಇವತ್ತು ಏನು ಕಲಿಸಿದ್ರು?"

"ಬೀಳೋದು."

ಹೌದು, ಜೂಡೋದಲ್ಲಿ ಮೊದಲ ಪಾಠ ಬೀಳೋದು. ನೋವಾಗದ ಹಾಗೆ ಉರುಳಿ, ಅಂಗೈಯಿಂದ ಚಾಪೆಗೆ ಪಟಾರ್ ಅಂತ ಹೊಡೀಬೇಕು. "ಹಾಗಾದ್ರೆ ಅದನ್ನೇ ಮಾಡು," ಅಂದಳು ಸುಕನ್ಯ. "ಯಾರಾದ್ರೂ ಕಾಲರಿಗೆ ಕೈ ಹಾಕಿದರೆ ಮರದ ಹಾಗೆ ನಿಂತ್ಕೋಬೇಡ. ಬಿದ್ದುಬಿಡು."

"ಸರಿ ಅಮ್ಮ. ಇನ್ನು ಮೇಲೆ ಹಾಗೇ ಮಾಡ್ತೀನಿ."

ಮಾರನೇ ದಿನ ಅಂಗಡೀಲಿ ಮಗನ ಕಾಲರಿನ ಗುಂಡಿ ಕಳಚಿತ್ತು. ಹಾಕೋಣ ಅಂತ ಸುಕನ್ಯ ಕೈ ಚಾಚಿದಳು. ಪಟಾರ್! ಬಿದ್ದ! ಬಿದ್ದವನ ಕೈ ಮೊಟ್ಟೆ ಜೋಡಿಸಿದ್ದ ತಟ್ಟೆಗೆ ತಗುಲಿ ಹನ್ನೆರಡು ಮೊಟ್ಟೆಯೂ ನೆಲ ಕಂಡವು.

"ಅಯ್ಯೋ ನನ್ನ ಕರ್ಮವೇ! ಅಂಗಡೀಲಿ ಬೀಳ್ತಾರೇನೋ?"

"ನೀನೇ ಹೇಳಿದ್ಯಲ್ಲಮ್ಮ!"

"ಕಂಡಕಂಡಲ್ಲಿ ಅಲ್ಲ! ಚಾಪೆ ಇದ್ದರೆ ಮಾತ್ರ ಬೀಳು. ಚಾಪೆ ಇಲ್ಲದ ಕಡೆ ಬೀಳಕೂಡದು. ಗೊತ್ತಾಯ್ತಾ?"

"ಸರಿ ಅಮ್ಮ. ಇನ್ನು ಮೇಲೆ ಹಾಗೇ ಮಾಡ್ತೀನಿ."

ಪಾಪ, ಸುಕನ್ಯ ಒಂದು ಮಾತು ಮರೆತಳು. ಆ ದೇಶದ ಹಳೇ ಮನೆಗಳಲ್ಲಿ ನೆಲವೇ ಚಾಪೆ! ಗೋಡೆಯಿಂದ ಗೋಡೆಗೆ ದಪ್ಪ ಹುಲ್ಲುಚಾಪೆ ಜೋಡಿಸಿರ್ತಾರೆ. ಭಾನುವಾರ ಮನೆ ಒಡತಿ ಮುದುಕಮ್ಮ ತಾಯಿ ಮಗನನ್ನ ಚಹಾಕ್ಕೆ ಕರೆದರು. ಮಂಡಿಯೂರಿ, ಮೂರು ತಲೆಮಾರಿನ ಬಟ್ಟಲುಗಳನ್ನ ಮುಂದಿಟ್ಟುಕೊಂಡು, ಮಾತಿಲ್ಲದೆ ಚಹಾ ಕದಡಿದರು. ಚೆಲುವ ಗೊಂಬೆ ಹಾಗೆ ಕೂತಿದ್ದ. ಸುಕನ್ಯಗೆ ಎದೆ ತಣ್ಣಗಾಯಿತು. ಮುದುಕಮ್ಮನಿಗೂ ಮುದ್ದು ಬಂತು. "ಎಂಥಾ ಒಳ್ಳೆ ಹುಡುಗ!" ಅಂತ ಮಡಿಸಿಕೊಂಡಿದ್ದ ಅವನ ಕಾಲರ್ ಸರಿ ಮಾಡಿದರು.

ಪಟಾರ್! ಬಟ್ಟಲು ಒಂದು ಕಡೆ, ಚಹಾ ಒಂದು ಕಡೆ, ಮುದುಕಮ್ಮನ ಕನ್ನಡಕ ಇನ್ನೊಂದು ಕಡೆ!

"ಅಯ್ಯೋ ನನ್ನ ಕರ್ಮವೇ! ಏನೋ ಮಾಡಿದೆ?"

"ಚಾಪೆ ಇತ್ತಲ್ಲಮ್ಮ! ನೋಡ್ಕೊಂಡೇ ಬಿದ್ದೆ!"

ಸುಕನ್ಯ ಹಣೆ ಹಣೆ ಚಚ್ಚಿಕೊಂಡಳು. "ಲೋ ದಡ್ಡ ಶಿಖಾಮಣಿ! ಇನ್ನು ಮೇಲೆ ಬೀಳಲೇಬೇಡ! ಗಟ್ಟಿಯಾಗಿ ನಿಲ್ಲು. ತಡೆಯೋಕೇ ಆಗದಿದ್ರೆ ಅಂಗೈಲಿ ಎರಡು ಸಲ ತಟ್ಟು. ಸೋತೆ ಅಂತ ಅರ್ಥ. ಬಿಟ್ಟುಬಿಡ್ತಾರೆ."

"ತಡೆಯೋಕಾಗದಿದ್ರೆ ತಟ್ಟೋದು. ಸರಿ ಅಮ್ಮ."

ಜೂಡೋ ಬಟ್ಟೆ ಹೊಸದು. ಗೋಣಿಯಷ್ಟು ಒರಟು. ಅವತ್ತು ಟೀಚರು ಮಕ್ಕಳನ್ನ ಜೋಡಿ ಜೋಡಿ ನಿಲ್ಲಿಸಿದರು. ಎದುರು ಬದುರು ನಿಂತು ಬಗ್ಗಿ ನಮಸ್ಕಾರ ಮಾಡಬೇಕು, ಆಮೇಲೆ ಹಿಡೀಬೇಕು. ಎದುರಿಗಿದ್ದವನು ಬಗ್ಗಿದ. ಚೆಲುವ ಬಗ್ಗಿದ. ಬಗ್ಗಿದವನು ಅಲ್ಲೇ ಟಪ್ ಟಪ್! ಸೋತ! ಇನ್ನೊಬ್ಬಳು ಬಂದಳು. ಟಪ್ ಟಪ್! ಸೋತ! ಒಂದು ನಿಮಿಷದಲ್ಲಿ ಏಳು ಜನರ ಕೈಲಿ ಸೋತ. ಹೀಗೆ ಬಿಟ್ಟಿ ಗೆಲ್ಲೋದು ಯಾರಿಗೆ ಬೇಡ? ಮಕ್ಕಳೆಲ್ಲ ಇವನ ಮುಂದೆ ಸಾಲು ನಿಂತರು!

"ಯಾಕೋ? ಯಾರಾದ್ರೂ ಮುಟ್ಟಿದ್ರೇನೋ ನಿನ್ನ?"

"ಬಟ್ಟೆ ಕೆರೀತಿತ್ತಮ್ಮ. ತಡೆಯೋಕಾಗಲಿಲ್ಲ. ತಟ್ಟಿದೆ."

ಕಿನುಯೋ ಟೀಚರು ಸುಕನ್ಯಳನ್ನ ಪಕ್ಕಕ್ಕೆ ಕರೆದರು. "ಶನಿವಾರಕ್ಕೆ ತಿಂಗಳು ತುಂಬುತ್ತೆ. ಅವತ್ತು ನನ್ನ ಗುರುಗಳು ಬರ್ತಾರೆ. ಅವರ ಮುಂದೆ ನಿಮ್ಮ ಮಗ ಯಾರನ್ನಾದ್ರೂ ಕೆಡವಿ, ಇಪ್ಪತ್ತು ಎಣಿಸೋವರೆಗೆ ಅಲುಗಾಡದ ಹಾಗೆ ಹಿಡೀಲಿ. ಹಿಡಿದರೆ ಇರ್ತಾನೆ. ಇಲ್ಲದಿದ್ದರೆ..."

"ಮುಂದಿನ ವರ್ಷ," ಅಂದಳು ಸುಕನ್ಯ.

ಮನೆಗೆ ಬಂದು ಹತ್ತು ಕಿಲೋ ಅಕ್ಕಿ ಚೀಲ ಕೆಳಗೆ ಉರುಳಿಸಿದಳು. "ತಟ್ಟೋದೆಲ್ಲ ಮರೆತುಬಿಡು. ಇದನ್ನ ತಬ್ಬಿ ಹಿಡಿ. ನಾನು 'ಬಿಡು' ಅನ್ನೋವರೆಗೆ ಬಿಡಬೇಡ. ಯಾರು ಏನೇ ಹೇಳಲಿ, ಆಕಾಶವೇ ಬೀಳಲಿ, ನಾನು ಹೇಳದೆ ಬಿಡಬೇಡ!"

ಚೆಲುವ ಹಿಡಿದ. ಸುಕನ್ಯ ಬಟ್ಟೆ ಒಗೆದಳು, ಊರಿಂದ ಬಂದ ಫೋನಿನಲ್ಲಿ ಅತ್ತೆ ಹತ್ತಿರ ಮಾತಾಡಿದಳು, ತರಕಾರಿ ಹೆಚ್ಚಿದಳು. ಹುಳಿಗೆ ಅನ್ನ ಬೇಕಲ್ಲ, ಅಕ್ಕಿ ತಗೊಳ್ಳೋಣ ಅಂತ ಬಂದು ನೋಡಿದರೆ ಚೀಲದ ಮೇಲೆ ಮಗ! ಬೆವರು ಸುರೀತಿದೆ, ಕೈ ಬಿಟ್ಟಿಲ್ಲ.

"ಬಿಡೋ ಮಾರಾಯ!"

ಬಿಟ್ಟ. ಸುಕನ್ಯ ಹಿಗ್ಗಿ ಹೋದಳು. ಇದೊಂದು ಬಂತಲ್ಲ!

"ಶನಿವಾರ ಯಾರನ್ನ ಹಿಡೀಲಮ್ಮ? ಅಕ್ಕಿ ಚೀಲ ತಗೊಂಡು ಹೋಗೋಣ್ವಾ?"

"ಅಕ್ಕಿ ಚೀಲ ಅಲ್ಲ ಕಣೋ! ನಿನ್ನ ಮುಂದೆ ಯಾರು ಬಗ್ಗಿ ನಮಸ್ಕಾರ ಮಾಡ್ತಾರೋ ಅವರನ್ನ ಹಿಡಿ."

"ಬಗ್ಗಿದವರನ್ನ ಹಿಡಿಯೋದು. ನೀನು ಹೇಳೋವರೆಗೆ ಬಿಡದೇ ಇರೋದು. ಸರಿ ಅಮ್ಮ. ಹಾಗೇ ಮಾಡ್ತೀನಿ."

ಶನಿವಾರ ಬಂತು. ಗೋಡೆ ಪಕ್ಕ ಅಪ್ಪ ಅಮ್ಮಂದಿರು ಸಾಲಾಗಿ ಕೂತರು. ಬಾಗಿಲಲ್ಲಿ ಚಪ್ಪಲಿಗಳ ಮೂತಿ ಹೊರಗೆ ಮಾಡಿ ಜೋಡಿಸೋದು ಅಲ್ಲಿನ ಪದ್ಧತಿ. ಚೆಲುವನದು ಅಡ್ಡಡ್ಡ ಬಿದ್ದಿತ್ತು. ಇವತ್ತಾದ್ರೂ ಬಯ್ಯಿಸಿಕೊಳ್ಳೋದು ಬೇಡ ಅಂತ ಸುಕನ್ಯ ಎದ್ದು ಹೋದಳು. ಅಷ್ಟರಲ್ಲಿ ಒಳಬಾಗಿಲಿಂದ ಟೀಚರ ಗುರುಗಳು ಬಂದರು. ಎಂಬತ್ತೆರಡು ವರ್ಷ. ಬೆಳ್ಳಿಗಡ್ಡ. ಚಾಪೆ ಅಂಚಿನಲ್ಲಿ ಪುಟ್ಟ ಹುಡುಗನೊಬ್ಬ ನಿಂತಿದ್ದಾನೆ. ದೊಡ್ಡವರು ನೋಡಿ, ಮಗುವಿಗೂ ಮರ್ಯಾದೆ ಕೊಟ್ಟರು. ಬಗ್ಗಿದರು.

ಚೆಲುವ ಹಿಡಿದೇಬಿಟ್ಟ!

ಎರಡೂ ಕಾಲು ತಬ್ಬಿ ಎಳೆದ. ಗುರುಗಳು ಹಳೇ ಹುಲಿ. ಅರುವತ್ತು ವರ್ಷದ ಅಭ್ಯಾಸ, ನೋವಾಗದ ಹಾಗೆ ಉರುಳಿ ಪಟಾರ್ ಅಂತ ಚಾಪೆಗೆ ಹೊಡೆದರು. ಚೆಲುವ ಅವರ ಎದೆ ಮೇಲೆ ಮಲಗಿದ.

"ಬಿಡು!" ಅಂದರು ಟೀಚರು ಜಪಾನಿಯಲ್ಲಿ. ಬಿಡಲಿಲ್ಲ.

"ಬಿಡು, ಬಿಡು!" ಅಂದರು ಅಪ್ಪ ಅಮ್ಮಂದಿರು. ಬಿಡಲಿಲ್ಲ. ಆಕಾಶ ಬಿದ್ದರೂ ಬಿಡಬಾರದಲ್ಲ!

ಸುಕನ್ಯ ಕೈಯಲ್ಲಿ ಚಪ್ಪಲಿ ಹಿಡಿದೇ ಓಡಿ ಬಂದಳು. "ಬಿಡೋ ಮುಂಡೇದೇ!"

ತಟ್ಟನೆ ಬಿಟ್ಟ. ಎದ್ದು ನೆಟ್ಟಗೆ ನಿಂತ. ಎಂಥ ವಿಧೇಯ!

ಸುಕನ್ಯಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಪ್ಪಲಿ ಎಸೆದು, ಗುರುಗಳ ಮುಂದೆ ಮಂಡಿಯೂರಿ, "ಕ್ಷಮಿಸಿ, ಕ್ಷಮಿಸಿ" ಅಂತ ಹಣೆ ಚಾಪೆಗೆ ತಾಗೋ ಹಾಗೆ ಬಗ್ಗಿದಳು.

ಗುರುಗಳ ಮುಂದೆ ನಿಂತಿದ್ದವನು ಯಾರು? ಚೆಲುವ!

ಹಿಡಿದ! ಕುತ್ತಿಗೆ ತಬ್ಬಿ, ಮಗುಚಿ ಹಾಕಿ, ಅಕ್ಕಿ ಚೀಲದ ಹಾಗೆ ಅದುಮಿ ಮಲಗಿದ. ಸುಕನ್ಯ "ಬಿಡು" ಅನ್ನೋಕೆ ಹೋದಳು. ಬಾಯ್ತುಂಬ ಒರಟು ಜೂಡೋ ಬಟ್ಟೆ! ಮಾತು ಹೊರಡಲಿಲ್ಲ. ಕೊನೆಗೆ ಅಂಗೈಲಿ ಚಾಪೆಗೆ ತಟ್ಟಿದಳು. ಟಪ್ ಟಪ್! ಟಪ್ ಟಪ್!

"ತಟ್ಟೋದೆಲ್ಲ ಮರೆತುಬಿಡು ಅಂದಿದ್ದೆ ನೀನು," ಅಂದ ಚೆಲುವ. ಇನ್ನೂ ಬಿಗಿ ಹಿಡಿದ.

ಮಕ್ಕಳಿಗೆ ತಡೀಲಿಲ್ಲ. ಒಬ್ಬ ಜಪಾನಿಯಲ್ಲಿ ಎಣಿಸೋಕೆ ಶುರು ಮಾಡಿದ: "ಇಚಿ! ನೀ! ಸಾನ್!" ಎಲ್ಲರೂ ಸೇರಿದರು. ಹತ್ತು ದಾಟಿತು. "ಚೆರುವಾ! ಚೆರುವಾ!" ಲಕಾರ ಅವರ ನಾಲಿಗೆಗೆ ಹೊರಳೋದಿಲ್ಲ. ಮಗನ ಎದೆ ಕೆಳಗೆ ಉಸಿರುಗಟ್ಟಿ ಮಲಗಿದ್ದ ಸುಕನ್ಯ ಕಿವಿ ನಿಮಿರಿಸಿದಳು. ಕರೀತಿದ್ದಾರೆ! ಮಗನ ಹೆಸರು ಹಿಡಿದು ಕರೀತಿದ್ದಾರೆ! ತಟ್ಟುತ್ತಿದ್ದ ಕೈ ಹಾಗೇ ನಿಂತಿತು.

ಇಪ್ಪತ್ತಾಯಿತು. ಟೀಚರೇ ಬಂದು ಹುಡುಗನನ್ನ ಹಲಸಿನ ತೊಳೆ ಬಿಡಿಸೋ ಹಾಗೆ ಬಿಡಿಸಿದರು. "ಬಿಡು... ಬಿಡು..." ಅಂತ ಸುಕನ್ಯಗೆ ಆಗ ಮಾತು ಹೊರಟಿತು.

ಟೀಚರು ಗುರುಗಳ ಮುಖ ನೋಡಿದರು. ಗುರುಗಳು ಗಡ್ಡ ನೀವಿಕೊಂಡರು.

"ಹುಡುಗ ಇರಲಿ. ಆದರೆ ಈ ತಾಯಿಗೆ ಬೀಳೋಕೆ ಬರೋದಿಲ್ಲ. ಸೋಮವಾರದಿಂದ ಅವರನ್ನೂ ಸೇರಿಸಿಕೊ."

ಹೊರಡೋ ಹೊತ್ತಿಗೆ ಬಾಗಿಲಲ್ಲಿ ಟೀಚರು, ಗುರುಗಳು, ಏಳು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಎಲ್ಲರೂ ಸಾಲಾಗಿ ನಿಂತು ಮರ್ಯಾದೆಯಿಂದ ಬಗ್ಗಿದರು.

ಚೆಲುವನ ಕಣ್ಣು ಅರಳಿತು. "ಅಮ್ಮ! ಎಷ್ಟೊಂದು ಜನ!"

ಸುಕನ್ಯ ಚಪ್ಪಲಿಯನ್ನೂ ಹಾಕ್ಕೊಳ್ಳಲಿಲ್ಲ. ಮಗನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು ಬೀದಿಗೆ ಓಡಿದಳು.