ನೊಣ ಬಿಡಲಾರದ ಅರಳೆ

ಕಾಡಿನ ಅಂಚಿನಲ್ಲಿ ಜೊಂಡುಕೆರೆ ಎಂಬ ಕೆರೆಯಿತ್ತು. ಮೂರು ದಡಗಳು ಬಯಲು. ನಾಲ್ಕನೆಯ ದಡದಲ್ಲಿ ಮಾತ್ರ ಆಳೆತ್ತರದ ಜೊಂಡುಹುಲ್ಲು ದಟ್ಟವಾಗಿ ಬೆಳೆದಿತ್ತು. ಅದರೊಳಗೆ ಯಾರಿದ್ದಾರೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಹಾಗಾಗಿ ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಲು ಬೂದಜ್ಜ ಇದ್ದನಲ್ಲ, ಅಷ್ಟು ಸಾಕಿತ್ತು.

ಬೂದಜ್ಜ ಒಂಟಿ ಕೊಕ್ಕರೆ. ನೀರಿಗೆ ಬಾಗಿದ್ದ ಅತ್ತಿ ಕೊಂಬೆಯ ಮೇಲೆ, ಕತ್ತನ್ನು ಹೆಗಲೊಳಗೆ ತುರುಕಿಕೊಂಡು, ಬೆಳಗಿನಿಂದ ಸುಮ್ಮನೆ ನಿಂತಿರುತ್ತಿದ್ದ. ಮಕ್ಕಳೇ, ಸುಮ್ಮನೆ ನಿಂತವರನ್ನು ಕಂಡರೆ ಸುಮ್ಮನಿರಲಾರದವರಿಗೆ ಬಹಳ ಅನುಮಾನ.

"ಅವನ ತಲೇಲಿ ಏನೋ ಓಡ್ತಾ ಇದೆ," ಎನ್ನುತ್ತಿದ್ದ ವಟರಾಯ ಎಂಬ ಕಪ್ಪೆ. ಹೇಳುವಾಗ ಮಾತ್ರ ಕೊಂಬೆಯಿಂದ ಸಾಕಷ್ಟು ದೂರ ಕೂತಿರುತ್ತಿದ್ದ.

ಇದೇ ಕೆರೆಯಲ್ಲಿ ಕೆಂಪಮ್ಮ ಎಂಬ ನೀರುಕೋಳಿಯ ಮನೆ. ಅವಳ ಜೊತೆ ಒಂದು ಬೆಳ್ಳಕ್ಕಿ ಮರಿ ಇತ್ತು. ಮೈಯೆಲ್ಲ ಹಿಂಜಿದ ಹತ್ತಿಯ ಹಾಗಿದ್ದುದರಿಂದ ಅದಕ್ಕೆ ಅರಳೆ ಎಂದು ಹೆಸರು. ಅರಳೆ ಕೆಂಪಮ್ಮನ ಹೊಟ್ಟೆಯ ಮಗಳಲ್ಲ. ಬಿರುಗಾಳಿಗೆ ಗೂಡಿದ್ದ ಮರ ಉರುಳಿ ಅಮ್ಮ ಇಲ್ಲವಾದಾಗ, ಅವಳನ್ನು ಮೊದಲು ಬಾತುಗಳು ಸಾಕಿದವು. ಚಳಿ ಮುಗಿಯುತ್ತಲೇ ಅವು ದೂರದೇಶಕ್ಕೆ ಹಾರಿಹೋದವು. ಆಮೇಲೆ ಟಿಟ್ಟಿಭ ಹಕ್ಕಿ ದಂಪತಿ ಸಾಕಿದರು. ಅವರದೇ ಮೊಟ್ಟೆಗಳು ಒಡೆದ ಮೇಲೆ, "ಇಲ್ಲಿ ಜಾಗ ಸಾಲದು ಪುಟ್ಟಿ, ಬೇಜಾರು ಮಾಡ್ಕೋಬೇಡ," ಎಂದರು. ಕೆಂಪಮ್ಮನದು ಮೂರನೆಯ ಮನೆ.

ಎಲ್ಲ ಮನೆಯವರೂ ಮೊದಲ ದಿನ ಹುಳ ಕೊಟ್ಟು ಮುದ್ದು ಮಾಡಿದ್ದರು. ಆದ್ದರಿಂದ ಯಾರಾದರೂ ಹುಳ ಕೊಟ್ಟರೆ ಅರಳೆಗೆ ಸಂತೋಷವಾಗುತ್ತಿರಲಿಲ್ಲ. 'ಇವರು ನನ್ನನ್ನು ಯಾವಾಗ ಕಳಿಸುತ್ತಾರೆ?' ಎಂದು ಯೋಚಿಸುತ್ತಿದ್ದಳು. ಸಿಕ್ಕಿದ್ದನ್ನು ಗಬಗಬನೆ ನುಂಗುತ್ತಿದ್ದಳು. ನುಂಗಲಾಗದ ದಪ್ಪ ಬಸವನಹುಳುಗಳನ್ನು ಮುಂದಿನ ಕಷ್ಟಕಾಲಕ್ಕೆಂದು ಹೊಂಗೆ ಬೇರಿನ ಸಂದಿಯಲ್ಲಿ ಬಚ್ಚಿಡುತ್ತಿದ್ದಳು.

ಆದರೆ ಬಚ್ಚಿಟ್ಟ ಹುಳುಗಳು ದಿನದಿನಕ್ಕೆ ಕಡಿಮೆಯಾಗುತ್ತಿದ್ದವು!

'ಕೆಂಪಮ್ಮನೇ ಕದಿಯುತ್ತಾಳೆ,' ಎಂದುಕೊಂಡಳು ಅರಳೆ. ಬಾಯಿಬಿಟ್ಟು ಕೇಳಲಿಲ್ಲ, ಅವಳ ಮೇಲೆ ಕಣ್ಣಿಟ್ಟು ಕಾದಳು.

ಕೆಂಪಮ್ಮನಿಗೆ ಬೇರೆಯೇ ಚಿಂತೆ. ಬೇಸಿಗೆ ಹತ್ತಿರವಾಗಿತ್ತು. ಕೆರೆ ಬತ್ತಿದರೆ ಎಲ್ಲರೂ ಗುಡ್ಡದಾಚೆಯ ದೊಡ್ಡ ಕೆರೆಗೆ ಹಾರಬೇಕು. ಅವಳು ಕೊಡುವ ಹುಲ್ಲಿನ ಕಾಳು, ಎರೆಹುಳಗಳಿಂದ ಬೆಳ್ಳಕ್ಕಿಯ ರೆಕ್ಕೆ ಬಲಿಯುತ್ತಿರಲಿಲ್ಲ. ಮೀನು ಬೇಕು. ಮೀನು ಹಿಡಿಯುವುದು ಅವಳಿಗೆ ಬಾರದು. ಒಂದು ಬೆಳಿಗ್ಗೆ ಅವಳು ಅತ್ತಿ ಕೊಂಬೆಯ ಕೆಳಗೆ ಈಜಿ ಬಂದಳು.

"ಬೂದಣ್ಣಾ, ನಮ್ಮ ಹುಡುಗಿಗೆ ಮೀನು ಹಿಡಿಯೋದು ಕಲಿಸ್ತೀಯಾ? ಹಾರೋವಾಗ ಇವಳು ಹಿಂದೆ ಉಳಿದ್ರೆ ನನ್ನ ಕೈಲಿ ನೋಡಕ್ಕಾಗಲ್ಲ."

"ಕಳಿಸು," ಎಂದ ಬೂದಜ್ಜ. ಅವನ ಬಾಯಿಂದ ಅಷ್ಟು ಮಾತು ಬಂದದ್ದೇ ಹೆಚ್ಚು.

ವಿಷಯ ಕೆರೆಯೆಲ್ಲ ಹಬ್ಬಿತು. ವಟರಾಯ ಅರಳೆಯ ಕಿವಿ ಕಚ್ಚಿದ: "ಕೊಕ್ಕರೆ ಯಾವತ್ತಾದ್ರೂ ಪುಕ್ಕಟೆ ಏನಾದ್ರೂ ಕೊಟ್ಟಿದ್ದು ಕೇಳಿದ್ದೀಯಾ? ಹುಷಾರು ಪುಟ್ಟೀ."

ಅರಳೆ ಹುಷಾರಾಗಿಯೇ ಹೋದಳು. ಕೊಂಬೆಯ ತುದಿಯಲ್ಲಿ, ಓಡಿಹೋಗಲು ಅನುಕೂಲವಾಗುವಂತೆ ನಿಂತಳು. ಬೂದಜ್ಜ ಒಂದು ನೊಣ ಹಿಡಿದ. ತಿನ್ನಲಿಲ್ಲ. ಅದನ್ನು ಮೆಲ್ಲಗೆ ನೀರಿನ ಮೇಲೆ ಬಿಟ್ಟ. ನೊಣ ತೇಲಿತು, ನೀರಲ್ಲಿ ಸಣ್ಣ ಉಂಗುರ ಎದ್ದಿತು. ಕೆಳಗಿನಿಂದ ಮೀನೊಂದು ಮೇಲೆ ಬಂತು. ಬೂದಜ್ಜನ ಕತ್ತು ಫಟ್ಟನೆ ಚಾಚಿತು, ಮೀನು ಕೊಕ್ಕಿನಲ್ಲಿತ್ತು!

ಅದನ್ನು ಅವನು ಅರಳೆಯ ಮುಂದಿಟ್ಟ. "ತಿನ್ನು. ಆಮೇಲೆ ನಿನ್ನ ಸರದಿ."

ಅರಳೆ ಮೀನನ್ನು ಮುಗಿಸಿದಳು. ಆಮೇಲೆ ಒಂದು ನೊಣ ಹಿಡಿದಳು.

"ಬಿಡು ಮಗು," ಎಂದ ಬೂದಜ್ಜ.

ಅರಳೆ ಗುಟುಕ್ಕನೆ ನುಂಗಿದಳು.

"ಇನ್ನೊಂದು ಹಿಡಿ. ಹಾಂ, ಬಿಡು, ಬಿಡು..."

ಗುಟುಕ್!

ಬಾಯಿಗೆ ಬಂದದ್ದನ್ನು ನೀರಿಗೆ ಬಿಡುವುದೇ? ಹಸಿದು ಮಲಗಿದವರಿಗೆ ಅದು ಎಷ್ಟು ಕಷ್ಟ ಎಂದು ಹೊಟ್ಟೆ ತುಂಬಿದವರಿಗೆ ತಿಳಿಯುವುದಿಲ್ಲ. ಬೂದಜ್ಜನಿಗೆ ತಿಳಿದಿತ್ತೋ ಏನೋ, ಅವನು ಬೈಯಲಿಲ್ಲ, ನಗಲೂ ಇಲ್ಲ. "ನಾಳೆ ಬಾ," ಎಂದ. ಮರುದಿನವೂ ಅವಳು ನೊಣ ನುಂಗಿದಳು. ಮರುದಿನವೂ ಅವನು ಮೀನು ಕೊಟ್ಟ, ಜೊತೆಗೆ ಪಾಠವನ್ನೂ ಹೇಳಿದ.

"ಮೀನಿಗೆ ನೊಣ ಒಂದೇ ಕಾಣೋದು. ನನ್ನ ಕಾಲು ಅದರ ಕಣ್ಣಿಗೆ ಬರೀ ಕಡ್ಡಿ. ನೊಣ ನೋಡಿದ ಮೀನು ಕೆಡ್ತು. ನೊಣದ ಹಿಂದೆ ಏನು ನಿಂತಿದೆ ಅಂತ ನೋಡಿದ ಮೀನು ಬದುಕ್ತು."

ಈ ಮಾತು ಅರಳೆಯ ತಲೆಯಲ್ಲಿ ಕೂತಿತು. ಕೂತದ್ದು ಮಾತ್ರ ತಲೆಕೆಳಗಾಗಿ.

'ಅವನು ನೊಣ ಬಿಡುತ್ತಾನೆ, ಮೀನು ಬರುತ್ತದೆ, ಫಟ್! ಈಗ ದಿನಾ ನನ್ನ ಮುಂದೆ ಮೀನು ಇಡುತ್ತಾನೆ, ದಿನಾ ನಾನು ಬರುತ್ತೇನೆ...' ಅವಳು ಥಟ್ಟನೆ ಹಿಂದೆ ಸರಿದಳು. 'ಅಯ್ಯೋ, ಅವನು ಹಿಡಿಯುತ್ತಿರುವ ಮೀನು ನಾನೇ!'

"ಅಜ್ಜ, ನೀನು ನನಗ್ಯಾಕೆ ಮೀನು ಕೊಡ್ತೀಯ?" ಎಂದು ಕೇಳಿಯೇಬಿಟ್ಟಳು.

ಬೂದಜ್ಜ ನೀರಿನಿಂದ ಕಣ್ಣು ತೆಗೆಯದೆ, "ಸುಮ್ಮನೆ ನಿಲ್ಲೋಕೆ ಜೊತೆ ಇದ್ರೆ ಚೆನ್ನ," ಎಂದ.

ಇದೂ ಒಂದು ಉತ್ತರವೇ? ಬಚ್ಚಿಡಲು ಏನೋ ಇದ್ದವರು ಮಾತ್ರ ಹೀಗೆ ಹೇಳುತ್ತಾರೆ ಎಂದುಕೊಂಡಳು ಅರಳೆ.

ಅಂದು ಮನೆಗೆ ಮರಳುವಾಗ ಅವಳಿಗೆ ದಡದಲ್ಲಿ ಒಂದು ಮೀನು ಕಂಡಿತು. ದಪ್ಪ ಮೀನು. ಸುತ್ತ ಯಾರೂ ಇರಲಿಲ್ಲ. ಅರಳೆ ಅತ್ತಿತ್ತ ನೋಡಿ ನುಂಗಿದಳು. ಮರುದಿನವೂ ಒಂದು ಮೀನು ಬಿದ್ದಿತ್ತು, ಜೊಂಡಿನ ಕಡೆಗೆ ಸ್ವಲ್ಪ ಸರಿದು. ಅದರ ಮರುದಿನ ಇನ್ನೂ ಸ್ವಲ್ಪ ಸರಿದು.

ಅರಳೆಗೆ ಹಿಗ್ಗೋ ಹಿಗ್ಗು. ಕೊಡುವವರು ಕಣ್ಣೆದುರಿಗಿದ್ದರೆ ಅನುಮಾನ ಪಡಬೇಕು. ಇಲ್ಲಿ ಯಾರೂ ಇಲ್ಲ, ಯಾರನ್ನು ಅನುಮಾನಿಸುವುದು? "ಬಿಡು" ಎನ್ನುವವರಿಲ್ಲ, "ನಾಳೆ ಬಾ" ಎನ್ನುವವರೂ ಇಲ್ಲ.

"ಕೊಟ್ಟವರು ಯಾರು ಅಂತ ಗೊತ್ತಿಲ್ಲ ಅಂದ್ರೆ ಋಣವೂ ಇಲ್ಲ ನೋಡು," ಎಂದು ವಟರಾಯನೂ ತಲೆಯಾಡಿಸಿದ.

ಬೂದಜ್ಜನಿಗೆ ಮಾತ್ರ ಅವಳ ಕೊಕ್ಕಿಗಂಟಿದ್ದ ಮೀನಿನ ಹೊಸ ಪೊರೆ ಕಂಡಿತು. "ಈ ಮೀನು ಯಾರು ಕೊಟ್ರು?"

"ಯಾರೂ ಇಲ್ಲ."

"ಯಾರೂ ಇಲ್ದೆ ಮೀನು ತಾನಾಗೇ ದಡ ಹತ್ತುತ್ತಾ ಮಗು?"

"ನಿನಗೆ ಹೊಟ್ಟೆಯುರಿ!" ಎಂದಳು ಅರಳೆ. "ನಾನು ಕೈತಪ್ಪಿ ಹೋಗ್ತೀನಿ ಅಂತ ಹೊಟ್ಟೆಯುರಿ. ನಾಳೆಯಿಂದ ನಾನು ಬರಲ್ಲ."

ಬೂದಜ್ಜ ಕತ್ತನ್ನು ಇನ್ನಷ್ಟು ಒಳಗೆ ಎಳೆದುಕೊಂಡ. ಅವನಿಗೆ ನೋವಾಗಿತ್ತು, ಅವಳು ಅದನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮೀನು ಜೊಂಡಿನ ಬುಡದಲ್ಲೇ ಇತ್ತು. ಅಂಥ ದೊಡ್ಡ ಮೀನನ್ನು ಅರಳೆ ಕಂಡೇ ಇರಲಿಲ್ಲ. ಅವಳು ಕುಣಿಯುತ್ತ ಹೋಗಿ ಅದನ್ನು ಕಚ್ಚಿಕೊಂಡಳು. ನುಂಗಲು ತಲೆ ಎತ್ತಿದಾಗ ಜೊಂಡಿನ ಸಾಲು ಕಣ್ಣಿಗೆ ಬಿತ್ತು. ಗಾಳಿ ಇರಲಿಲ್ಲ. ಎಲ್ಲ ಜೊಂಡೂ ಅಲುಗದೆ ನಿಂತಿತ್ತು. ಕೆಳಗೆ, ಒಂದೇ ಒಂದು ಕಂದು ತುದಿ ಮೆಲ್ಲಗೆ ಅತ್ತಿಂದಿತ್ತ ಆಡುತ್ತಿತ್ತು.

ಅದು ಜೊಂಡಲ್ಲ. ಬಾಲ!

ಬಾಲದ ಮುಂದೆ ಹಳದಿ ಕಣ್ಣುಗಳಿದ್ದವು. ನೆಲಕ್ಕೆ ಅಂಟಿಕೊಂಡು, ಹಿಂಗಾಲು ಮಡಚಿ, ಕಾಡುಬೆಕ್ಕು ಹಾರಲು ಸಿದ್ಧವಾಗಿ ಕೂತಿತ್ತು.

ನೊಣದ ಹಿಂದೆ ನಿಂತಿದ್ದು ಇದು!

ಅರಳೆ ರೆಕ್ಕೆ ಬಡಿದಳು. ಮೈ ಮೇಲೇಳಲಿಲ್ಲ. ಬಾಯಲ್ಲಿದ್ದ ಮೀನು ಕಲ್ಲಿನಷ್ಟು ಭಾರ. ಮತ್ತೆ ಬಡಿದಳು. ಬಿಟ್ಟರೆ ಹಾರಬಹುದು ಎಂದು ಗೊತ್ತು, ಆದರೆ ಕೊಕ್ಕು ತೆರೆಯುತ್ತಿಲ್ಲ! ಹುಟ್ಟಿದಾಗಿನಿಂದ ಆ ಕೊಕ್ಕು ಸಿಕ್ಕಿದ್ದನ್ನು ಬಿಟ್ಟದ್ದೇ ಇಲ್ಲ.

"ಬಿಡು ಮಗು! ಬಿಡು!"

ಜೊಂಡಿನ ಮೇಲಿನಿಂದ ಬಂದ ಆ ಕೂಗು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಕೇಳಿ ಕೇಳಿ ಬೇಸರಪಟ್ಟ ಮಾತು. ಅರಳೆ ಕೊಕ್ಕು ತೆರೆದಳು. ಮೀನು ಧೊಪ್ಪನೆ ಬಿತ್ತು, ಅವಳು ಚಂಗನೆ ಮೇಲೆ ಎದ್ದಳು. ಬೆಕ್ಕಿನ ಪಂಜಕ್ಕೆ ಸಿಕ್ಕಿದ್ದು ಬಾಲದ ಕೆಲವು ಪುಕ್ಕ ಮಾತ್ರ. ಅದು ಇನ್ನೊಮ್ಮೆ ಹಾರುವಷ್ಟರಲ್ಲಿ ಬೂದಜ್ಜ ಅದರ ಮೂತಿಗೆ ಎರಗಿ, ಮೂಗಿನ ಮೇಲೆ ಸರಿಯಾಗಿ ಕುಕ್ಕಿದ.

"ಛೇ! ಇನ್ನೊಂದು ದಿನ ತಾಳಿದ್ರೆ ಒಳಗೇ ಬಂದುಬಿಡ್ತಿದ್ಳು," ಎಂದು ಗೊಣಗುತ್ತ ಬೆಕ್ಕು ಮೂಗು ನೆಕ್ಕಿಕೊಂಡು ಜೊಂಡಿನೊಳಗೆ ಮರೆಯಾಯಿತು.

ಅತ್ತಿ ಕೊಂಬೆಯ ಮೇಲೆ ಅರಳೆ ಪುಕ್ಕ ಕಿತ್ತ ಬಾಲವನ್ನು ತಿರುಗಿ ನೋಡಿಕೊಳ್ಳುತ್ತ ಕೂತಳು. ಕೂಗು ಕೇಳಿ ಕೆಂಪಮ್ಮ ಒದ್ದೆ ಕಾಲಲ್ಲೇ ಓಡಿ ಬಂದಿದ್ದಳು.

"ಅಜ್ಜ, ನೀನು ಅಲ್ಲಿಗೆ ಯಾಕೆ ಬಂದೆ?" ಎಂದಳು ಅರಳೆ.

"ನೀನು ಬರಲ್ಲ ಅಂದ್ಯಲ್ಲ," ಎಂದ ಬೂದಜ್ಜ. "ಮೀನು ಇಟ್ಟವರು ಅಡಗೋಕೆ ಆ ಜೊಂಡು ಬಿಟ್ರೆ ಜಾಗ ಎಲ್ಲಿದೆ? ಬೆಳಕು ಹರಿಯೋಕೆ ಮೊದಲಿಂದ ಅದನ್ನೇ ಕಾಯ್ತಾ ಇದ್ದೆ."

"ನೀನೇ ನನ್ನ ಹಿಡಿಯೋಕೆ ಮೀನು ಇಡ್ತಿದ್ದೀಯ ಅಂದ್ಕೊಂಡಿದ್ದೆ."

ಕೆಂಪಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. "ಅಲ್ವೇ ಹುಚ್ಚೀ, ನಿನ್ನ ಹಿಡಿಯೋ ಯೋಚನೆ ಇದ್ದಿದ್ರೆ ಹಿಡಿಯೋದು ಹೇಗೆ ಅಂತ ನಿನಗೇ ಹೇಳಿಕೊಡ್ತಿದ್ನಾ? ನೊಣದ ಗುಟ್ಟನ್ನ ಮೀನಿಗೆ ಹೇಳೋ ಕೊಕ್ಕರೆ ಎಲ್ಲಾದ್ರೂ ಉಂಟಾ?"

ಅರಳೆ ತಲೆ ತಗ್ಗಿಸಿ ಕೇಳಿದಳು: "ಇಷ್ಟೆಲ್ಲ ಮಾಡಿದ್ದಕ್ಕೆ ನನ್ನ ಈಗ ಎಲ್ಲಿಗೆ ಕಳಿಸ್ತೀರಿ?"

ಅವಳ ನಿಜವಾದ ಹೆದರಿಕೆ ಬೆಕ್ಕಿನದಲ್ಲ, ಇದೇ ಆಗಿತ್ತು. ಕೆಂಪಮ್ಮ ಅವಳನ್ನು ರೆಕ್ಕೆಯೊಳಗೆ ಎಳೆದುಕೊಂಡಳು. "ಗುಡ್ಡದಾಚೆ ಕೆರೆಗೆ, ನಮ್ಮ ಜೊತೆ. ಇನ್ನೆಲ್ಲಿಗೆ?"

ಬೂದಜ್ಜ ಒಂದು ನೊಣ ಹಿಡಿದು ಅರಳೆಯ ಮುಂದಿಟ್ಟ. ಪಾಠ ಇನ್ನೂ ಮುಗಿದಿರಲಿಲ್ಲ. ಅರಳೆ ನೊಣವನ್ನು ಕೊಕ್ಕಿಗೆ ತೆಗೆದುಕೊಂಡಳು. ಗಂಟಲು ಒಮ್ಮೆ ಎಳೆಯಿತು. ಅವಳು ಬಗ್ಗಿ, ಮೆಲ್ಲಗೆ, ಅದನ್ನು ನೀರಿನ ಮೇಲೆ ಬಿಟ್ಟಳು.

ಸಣ್ಣ ಉಂಗುರ ಎದ್ದಿತು. ಅಜ್ಜ, ಮೊಮ್ಮಗಳು ಸುಮ್ಮನೆ ನಿಂತರು. ಜೊತೆ ಇದ್ದರೆ ಸುಮ್ಮನೆ ನಿಲ್ಲುವುದು ನಿಜವಾಗಿಯೂ ಚೆನ್ನಾಗಿತ್ತು. ಆಮೇಲೆ ಫಟ್!

ತನ್ನ ಮೊದಲ ಮೀನನ್ನು ಅವಳು ಕೆಂಪಮ್ಮನ ಮುಂದಿಟ್ಟಳು.

"ನನಗೆ ಮುಳ್ಳು ಆಗಲ್ವೇ ತಾಯಿ," ಎಂದಳು ಕೆಂಪಮ್ಮ, ಆದರೂ ಬಾಲದ ತುದಿಯನ್ನು ಕಚ್ಚಿ ತಿಂದಳು.

ಅದೆಲ್ಲ ಆದ ಮೇಲೆ ಅರಳೆ ಹೊಂಗೆ ಬೇರಿನ ಹತ್ತಿರ ಹೋದಳು, ಬಚ್ಚಿಟ್ಟ ಬಸವನಹುಳುಗಳನ್ನು ಮನೆಗೆ ತರೋಣವೆಂದು. ಸಂದಿಯಲ್ಲಿ ಒಂದೇ ಒಂದು ಉಳಿದಿತ್ತು. ಅದೂ ಕೊಂಬು ಚಾಚಿ, ಚಿಪ್ಪು ಹೊತ್ತುಕೊಂಡು, ಯಾರ ಗೊಡವೆಯೂ ಇಲ್ಲದೆ ನೀರಿನ ಕಡೆಗೆ ನಡೆದು ಹೋಗುತ್ತಿತ್ತು. ಉಳಿದವೆಲ್ಲ ಹೀಗೆಯೇ ತಮ್ಮ ಪಾಡಿಗೆ ಹೋಗಿದ್ದವು! ಇಷ್ಟು ದಿನ ಕಳ್ಳಿಯೆಂದುಕೊಂಡಿದ್ದ ಕೆಂಪಮ್ಮನನ್ನು ನೆನೆದು ಅರಳೆಗೆ ನಾಚಿಕೆಯಾಯಿತು, ಆಮೇಲೆ ನಗು ಬಂತು. ಅವಳು ಆ ಹುಳುವಿಗೆ ದಾರಿ ಬಿಟ್ಟು ನಿಂತಳು.

ನೀತಿ: ಹಿಡಿಯಲು ಬಂದವನು ತನ್ನ ಉಪಾಯವನ್ನು ನಮ್ಮಿಂದ ಬಚ್ಚಿಡುತ್ತಾನೆ, ಬೆಳೆಸಲು ಬಂದವನು ಅದನ್ನೇ ನಮಗೆ ಕಲಿಸುತ್ತಾನೆ.