ಬೆಟ್ಟದ ನೆತ್ತಿಯ ನೊಣಗಳು

ಬೆಟ್ಟದ ಬುಡದಲ್ಲಿ ಸೋಲಿಗರ ಒಂದು ಪೋಡು, ಎಂದರೆ ಪುಟ್ಟ ಹಟ್ಟಿ; ಅಲ್ಲಿ ಬೇದೇಗೌಡ ಎಂಬ ಮುದಿ ನಾಟಿ ವೈದ್ಯನಿದ್ದ. ಮಕ್ಕಳ ಜ್ವರಕ್ಕೆ ಅವನು ಒಂದು ಬೇರು ತೇದು ಕುಡಿಸುತ್ತಿದ್ದ. ಆ ಗಿಡ ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಮಾತ್ರ ಬೆಳೆಯುತ್ತಿತ್ತು. ಒಂದು ಬೇಸಿಗೆ ಕಾಡ್ಗಿಚ್ಚು ಹಬ್ಬಿತು. ಉಳಿದದ್ದು ಮೂವತ್ತೇ ಗಿಡ.

ಮಳೆ ಬಿದ್ದು ಅವು ಹೂ ಬಿಟ್ಟವು. ವೈದ್ಯನಿಗೆ ಮಂಡಿನೋವು, ಹತ್ತಲಾರ. ಶಿಷ್ಯೆ ಜಡೆಮ್ಮನನ್ನು ಕರೆದ.

"ಬೀಜ ಕಟ್ಟೋವರೆಗೂ ನೀನೇ ಕಾಯಬೇಕು, ಮಗಾ. ಈ ಸಲ ತಪ್ಪಿದರೆ ಗಿಡದ ಸಂತಾನವೇ ಮುಗೀತು."

ಜಡೆಮ್ಮ ಚುರುಕಿನ ಹೆಂಗಸು. ಜೇನು ಕೂತರೆ ತಾನೇ ಹೂವು ಕಾಯಾಗುವುದು? ಮನೆಯ ಜೇನುಪೆಟ್ಟಿಗೆಯನ್ನೇ ತಲೆಯ ಮೇಲೆ ಹೊತ್ತು ಬೆಟ್ಟ ಹತ್ತಿದಳು. ಅಲ್ಲಿ ನೋಡಿದರೆ ಹೂವಿನ ತುಂಬ ಕಪ್ಪು ನೊಣಗಳು!

"ಥೂ, ಕೊಳಕು!" ಎಂದು ಸೊಪ್ಪಿನ ಕೊಂಬೆ ಬೀಸಿ ಓಡಿಸಿದಳು. ದಿನವೂ ಅದೇ ಕೆಲಸ.

ಮೇಲಿನ ಕುಳಿರ್ಗಾಳಿಗೆ, ಮಂಜಿಗೆ ಜೇನುಗಳು ಪೆಟ್ಟಿಗೆ ಬಿಟ್ಟು ಹೊರಬರಲೇ ಇಲ್ಲ. ನಾಲ್ಕನೆಯ ದಿನ ಬಿಸಿಲು ಕಂಡೊಡನೆ ಇಡೀ ಹಿಂಡು ಎದ್ದು ಕೆಳಗಿನ ಕಾಡಿಗೆ ಹಾರಿಹೋಯಿತು.

ಜಡೆಮ್ಮ ಅಳುತ್ತ ಇಳಿದು ಬಂದಳು. "ತಾತಾ, ಅರ್ಧ ಹೂ ಬಾಡಿದವು. ಒಂದರಲ್ಲೂ ಕಾಯಿಲ್ಲ. ಜೇನೂ ಕೈಕೊಟ್ಟವು."

"ಬೇರೆ ಯಾರೂ ಬರಲಿಲ್ಲವಾ?"

"ಬರೀ ನೊಣ. ಬಂದಷ್ಟನ್ನೂ ಓಡಿಸಿದೆ."

ವೈದ್ಯ ಬೈಯಲಿಲ್ಲ. "ನಾಳೆ ಬರಿಗೈಲಿ ಹೋಗು. ಒಂದು ಹಗಲು ಸುಮ್ಮನೆ ಕೂತು ನೋಡು" ಎಂದ.

ಮರುದಿನ ಜಡೆಮ್ಮ ಕಂಬಳಿ ಹೊದ್ದು ಕೂತಳು. ಮಂಜಿಗೆ ಬೆರಳು ಮರಗಟ್ಟಿದವು. ಒಂದು ಜೇನೂ ಸುಳಿಯಲಿಲ್ಲ. ಆ ಚಳಿಯಲ್ಲೂ ನೊಣಗಳು ಬಂದವು. ಒಂದು ನೊಣ ಹೂವಿನೊಳಗಿಂದ ಹೊರಬಂದಾಗ ಅದರ ಮೈರೋಮಕ್ಕೆಲ್ಲ ಹಳದಿ ಪರಾಗ ಮೆತ್ತಿಕೊಂಡಿತ್ತು. ಅದನ್ನು ಹೊತ್ತು ಪಕ್ಕದ ಹೂವಿಗೆ ನುಗ್ಗಿತು. ಜಡೆಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ, ಕೆಲಸಕ್ಕೆ ಬಂದವರನ್ನೇ ಅಟ್ಟಿಬಿಟ್ಟೆನಲ್ಲಾ!"

ಅಂದಿನಿಂದ ಅವಳು ಕೊಂಬೆ ಮುಟ್ಟಲಿಲ್ಲ. ಉಳಿದ ಹೂಗಳು ಒಂದೊಂದಾಗಿ ಕಾಯಿ ಕಟ್ಟಿದವು. ತಿಂಗಳು ಕಳೆದು ಒಂದು ಬೊಗಸೆ ಬೀಜ ಸಿಕ್ಕಿತು. ಸುಟ್ಟ ನೆಲಕ್ಕೆ ಮುಕ್ಕಾಲು ಪಾಲು ಚೆಲ್ಲಿ, ಉಳಿದದ್ದನ್ನು ವೈದ್ಯನ ಅಂಗೈಗೆ ಸುರಿದಳು.

"ಇದು ನನ್ನ ಕೆಲಸವಲ್ಲ ತಾತಾ, ಆ ನೊಣಗಳದ್ದು."

"ನಿನ್ನದೂ ಹೌದು, ಮಗಾ" ಎಂದು ಮುದುಕ ನಕ್ಕ. "ಎತ್ತಿದ ಕೈ ಇಳಿಸೋದೇನು ಸಣ್ಣ ಕೆಲಸವಾ?"

ನೀತಿ: ಬುಡದಲ್ಲಿ ದುಡಿಯುವವರೇ ನೆತ್ತಿಯಲ್ಲೂ ದುಡಿಯಬೇಕೆಂದಿಲ್ಲ, ಆಯಾ ನೆಲಕ್ಕೆ ಆಯಾ ಕೆಲಸಗಾರರಿರುತ್ತಾರೆ. ಯಾರನ್ನೇ ಆಗಲಿ ಕೀಳೆಂದು ಓಡಿಸುವ ಮುನ್ನ ಅವರು ಮಾಡುವ ಕೆಲಸವನ್ನು ಕಣ್ಣಾರೆ ನೋಡಬೇಕು.